ಬೇಯಿಸಿದ ಮಣ್ಣು

ಮಾರ್ಚ್ 6, 2023, ಸೋಮವಾರ

ಇವತ್ತು ಕುಂಡಗಳ ಕೊಯ್ಲು. ನಲವತ್ತು ಕುಂಡ, ಅರುವತ್ತು ದಿನದ ಪೈರು. ಬೆಳಿಗ್ಗೆ ಏಳಕ್ಕೆ ಕತ್ತರಿ ಹಿಡಿದು ಕೂತವಳು ಎದ್ದಾಗ ಮೂರೂವರೆ. ಕಾಂಡ ಬೇರೆ, ಬೇರು ಬೇರೆ; ಒಂದೊಂದಕ್ಕೂ ಕಾಗದದ ಲಕೋಟೆ, ಮೇಲೆ ಪೆನ್ಸಿಲ್ಲಿನಲ್ಲಿ ನಂಬರು. ಎಲ್ಲ ಓವನ್ನಿಗೆ ಹೋಗಿವೆ. ಮೂರು ದಿನ ಒಣಗಬೇಕು. ತೂಕ ಹಾಕುವ ತನಕ ಏನೂ ಹೇಳಬಾರದು ಅಂತ ನಿಯಮ. ಕಣ್ಣಿಗೆ ಕಂಡದ್ದನ್ನು ಮಾತ್ರ ಎಲ್ಲಿ ಬಚ್ಚಿಡಲಿ?

ಆಟೋಕ್ಲೇವ್‌ನಲ್ಲಿ ಬೇಯಿಸಿ ಜೀವ ತೆಗೆದ ಮಣ್ಣಿನ ರಾಗಿ ಕಡುಹಸಿರಾಗಿ, ತೆಂಡೆ ಒಡೆದುಕೊಂಡು ನಿಂತಿತ್ತು. ಜೀವವಿರುವ ಮಣ್ಣಿನದು ಬಡಕಲು, ತಿಳಿಹಸಿರು. ರಾಗಿ ನಡುವೆ ತೊಗರಿ ಹಾಕುವ ಅಕ್ಕಡಿ ಸಾಲಿನ ಮಣ್ಣಿನಲ್ಲಿರುವ ಜೀವಿಗಳಿಂದ ರಾಗಿಗೆ ಬಲ ಬರುತ್ತದೆ ಅಂತ ಎರಡು ವರ್ಷದಿಂದ ಸೆಮಿನಾರಿನಲ್ಲಿ ಹೇಳಿಕೊಂಡು ಬಂದವಳು ನಾನು. ನನ್ನ ಕುಂಡಗಳು ನನಗೇ ಉಲ್ಟಾ ಹೊಡೆದಿವೆ.

ರೂಮಿಗೆ ಬಂದು ಅನ್ನ ಮಾಡಲಿಲ್ಲ. ಬಾಳೆಹಣ್ಣು, ಬ್ರೆಡ್ಡು.

ಮಾರ್ಚ್ 9, ಗುರುವಾರ

ತೂಕವೂ ಅದನ್ನೇ ಹೇಳಿತು. ಹಾಳೆ ಹಿಡಿದು ನನ್ನ ಗೈಡ್ ಮೇಡಂ ಕೋಣೆಗೆ ಹೋದೆ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ಅವರು ಟೀ ಮುಗಿಸಿ, ಹಾಳೆಯನ್ನು ಎರಡು ಸಲ ನೋಡಿ, ಒಂದೇ ಮಾತು ಕೇಳಿದರು: "ಎಲ್ಲರನ್ನೂ ಕೊಂದೆಯಲ್ಲ, ಹೆಣ ಎಲ್ಲಿ ಹಾಕಿದೆ?"

ನನಗೆ ಅರ್ಥವಾಗಲು ಅರ್ಧ ನಿಮಿಷ ಬೇಕಾಯಿತು. ಹೆಣಗಳನ್ನು ನಾನು ಎಲ್ಲೂ ಹಾಕಿರಲಿಲ್ಲ. ಅವು ಕುಂಡದಲ್ಲೇ ಇದ್ದವು.

121 ಡಿಗ್ರಿ, ಹದಿನೈದು ಪೌಂಡ್ ಒತ್ತಡ, ಒಂದು ಗಂಟೆ. ಒಂದು ದಿನ ಬಿಟ್ಟು ಮತ್ತೆ ಒಂದು ಗಂಟೆ. ನಡುವೆ ಬಿಡುವು ಕೊಡುವುದು, ಗಟ್ಟಿ ಕವಚದೊಳಗೆ ಉಳಿದ ಬೀಜಾಣುಗಳು ಮೊಳೆಯಲಿ, ಮೊಳೆತಾಗ ಎರಡನೆಯ ಸಲ ಸಾಯಲಿ ಅಂತ. ಬ್ಯಾಕ್ಟೀರಿಯಾ, ಶಿಲೀಂಧ್ರ, ಜಂತುಹುಳ ಎಲ್ಲ ಸತ್ತು ಒಡೆದಾಗ ಅವುಗಳ ಮೈಯಲ್ಲಿದ್ದ ಸಾರಜನಕ ಅಮೋನಿಯಂ ಆಗಿ ಮಣ್ಣಿಗೆ ಸುರಿಯುತ್ತದೆ. ಅಂದರೆ ಬೇಯಿಸಿದ ಕುಂಡಗಳಿಗೆ ನಾನು ನನಗೇ ಗೊತ್ತಿಲ್ಲದೆ ಮೇಲುಗೊಬ್ಬರ ಕೊಟ್ಟಿದ್ದೆ. ರಾಗಿ ಅದನ್ನು ತಿಂದು ಹಸಿರಾಯಿತು. ಅದರ ಜೊತೆಗೆ ಬೇರು ಕೊರೆಯುವ ಹುಳ, ರೋಗದ ಶಿಲೀಂಧ್ರಗಳೂ ಸತ್ತಿದ್ದವು. ಆ ಲಾಭ ಬೇರೆ.

ತೊಗರಿ ಹಾಕಿದ್ದ ಬೇಯಿಸಿದ ಕುಂಡಗಳಲ್ಲಿ ಎಲೆಯಂಚು ಸುಟ್ಟು ಕಂದು ಚುಕ್ಕೆ ಎದ್ದಿದ್ದವು. ರೋಗ ಅಂದುಕೊಂಡಿದ್ದೆ. ಮೇಡಂ ಎಲೆ ನೋಡಿ "ಮ್ಯಾಂಗನೀಸ್ ಇರಬೇಕು, ಪರೀಕ್ಷೆಗೆ ಕೊಡು" ಅಂದರು. ನಮ್ಮ ಕೆಂಪು ಹುಳಿ ಮಣ್ಣನ್ನು ಆಟೋಕ್ಲೇವ್ ಮಾಡಿದರೆ ಮ್ಯಾಂಗನೀಸ್ ಬಿಡುಗಡೆಯಾಗಿ ಗಿಡಕ್ಕೆ ವಿಷವಾಗುವ ಮಟ್ಟಕ್ಕೂ ಏರಬಹುದು. ಒಂದೇ ಬೇಯಿಸುವಿಕೆ: ರಾಗಿಗೆ ಔತಣ, ತೊಗರಿಗೆ ವಿಷ. ಇದನ್ನು ಹೋಲಿಸಿ "ಮಣ್ಣಿನ ಜೀವಿಗಳ ಪರಿಣಾಮ" ಎಂದು ಬರೆದುಬಿಡುತ್ತಿದ್ದೆ.

ಸಂಜೆ ಉಳಿದ ದಾರಿಗಳನ್ನೆಲ್ಲ ಓದಿದೆ. ಕೋಬಾಲ್ಟ್-60ರ ಗ್ಯಾಮಾ ಕಿರಣ ಇದೆ: ಸುಮಾರು 10 ಕಿಲೋಗ್ರೇಗೆ ಶಿಲೀಂಧ್ರ ಸಾಯುತ್ತವೆ, 20ಕ್ಕೆ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು. ಮಣ್ಣಿನ ಗುಣ ಆಟೋಕ್ಲೇವ್‌ನಷ್ಟು ಕೆಡುವುದಿಲ್ಲ. ಆದರೆ ಹೆಣಗಳು ಅಲ್ಲೂ ಕುಂಡದಲ್ಲೇ ಉಳಿಯುತ್ತವೆ. ಹಿಂದೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕುತ್ತಿದ್ದರು; ಓಝೋನ್ ಪದರಕ್ಕೆ ಕೇಡು ಅಂತ ಮಾಂಟ್ರಿಯಲ್ ಒಪ್ಪಂದ ಅದನ್ನು ಬಿಡಿಸಿತು. ಬೆನೊಮಿಲ್‌ನಂಥ ಶಿಲೀಂಧ್ರನಾಶಕ ಸುರಿದು, ಬೇರಿನೊಳಗೆ ಬಾಳುವ ಮೈಕೊರೈಜಾ ಶಿಲೀಂಧ್ರವನ್ನು ಅಡಗಿಸುವವರೂ ಇದ್ದರು. ಅದು ಒಳ್ಳೆಯ ಶಿಲೀಂಧ್ರ, ಕೆಟ್ಟ ಶಿಲೀಂಧ್ರ ಅಂತ ನೋಡಿ ಕೊಲ್ಲುವುದಿಲ್ಲ. ಯಾವುದನ್ನು ಹಿಡಿದರೂ ಜೀವ ಮಾತ್ರ ತೆಗೆದು ಉಳಿದದ್ದನ್ನು ಇದ್ದ ಹಾಗೆ ಬಿಡುವ ಉಪಾಯ ಸಿಗಲಿಲ್ಲ.

ಮಾರ್ಚ್ 15, ಬುಧವಾರ

ಮೇಡಂ ಹೇಳಿದ ದಾರಿ ಹೊಸದೇನಲ್ಲ. ನಾನೇ ಓದಿಯೂ ಬಿಟ್ಟದ್ದು. ಬೇಯಿಸಿದ್ದಕ್ಕೂ ಬೇಯಿಸದ್ದಕ್ಕೂ ಪಂದ್ಯ ಕಟ್ಟಬೇಡ. ಎಲ್ಲ ಕುಂಡಕ್ಕೂ ಬೇಯಿಸಿದ ಮಣ್ಣನ್ನೇ ತುಂಬು, ಆಮೇಲೆ ಹೆಪ್ಪು ಹಾಕು.

ಹೆಪ್ಪು ಅವರದೇ ಮಾತು. ಕಾಯಿಸಿ ಆರಿಸಿದ ಹಾಲಿಗೆ ಒಂದು ಚಮಚ ಮೊಸರು ಬಿಟ್ಟ ಹಾಗೆ, ಬೇಯಿಸಿದ ಮಣ್ಣಿಗೆ ನೂರಕ್ಕೆ ಏಳು ಪಾಲಿನಷ್ಟು ಜೀವಂತ ಮಣ್ಣು. ಒಂದು ಗುಂಪಿಗೆ ತೊಗರಿ ಸಾಲಿನ ಹೆಪ್ಪು, ಇನ್ನೊಂದಕ್ಕೆ ಬರೀ ರಾಗಿಯಿದ್ದ ಜಾಗದ ಹೆಪ್ಪು, ಮೂರನೆಯದಕ್ಕೆ ಅದೇ ಹೆಪ್ಪನ್ನು ಬೇಯಿಸಿ ಸಾಯಿಸಿದ್ದು. ತೊಂಬತ್ಮೂರು ಪಾಲು ಎಲ್ಲರಿಗೂ ಒಂದೇ. ಹೆಣದ ಗೊಬ್ಬರ ಎಲ್ಲರಿಗೂ ಸಮಪಾಲು. ಹೀಗಾದರೆ ವ್ಯತ್ಯಾಸ ಬಂದಾಗ ಜೀವಿಗಳ ಕಡೆಗೆ ಬೆರಳು ತೋರಿಸಬಹುದು.

ಮೈಕೊರೈಜಾದ ಪಾಲೆಷ್ಟು ಅಂತ ಬಿಡಿಸಬೇಕಾದರೆ ಇನ್ನೊಂದು ಗುಂಪು ಬೇಕು: ಜೀವಂತ ಮಣ್ಣನ್ನು ನೀರಿನಲ್ಲಿ ಕಲಕಿ 38 ಮೈಕ್ರಾನ್ ಜರಡಿಯಲ್ಲಿ ಸೋಸಿದ ತಿಳಿ. ಮೈಕೊರೈಜಾದ ದಪ್ಪ ಬೀಜಾಣು ಜರಡಿ ಮೇಲೆ ಉಳಿಯುತ್ತವೆ; ಬ್ಯಾಕ್ಟೀರಿಯಾ, ಸಣ್ಣ ಶಿಲೀಂಧ್ರ ಕೆಳಗಿಳಿಯುತ್ತವೆ. ಪುಟ್ಟ ಬೀಜಾಣುವಿನ ಜಾತಿಗಳು ನುಸುಳಿಬಿಡಬಹುದು. ಅದನ್ನು ಬೇರಿಗೆ ಬಣ್ಣ ಹಾಕಿ ನೋಡಿಯೇ ಖಾತ್ರಿ ಮಾಡಿಕೊಳ್ಳಬೇಕು.

ಹೆಪ್ಪಿನ ದಾರಿಗೂ ಒಂದು ಐಬಿದೆ. ಚಮಚದಲ್ಲಿ ಬಂದವರಲ್ಲಿ ಬೇಗ ಬೆಳೆಯುವವರು ಖಾಲಿ ಮನೆಯನ್ನು ಮೊದಲು ಆಕ್ರಮಿಸುತ್ತಾರೆ. ಎರಡು ತಿಂಗಳ ನಂತರ ಕುಂಡದಲ್ಲಿರುವುದು ಹೊಲದ ಸಮಾಜವಲ್ಲ, ಅದರಲ್ಲಿ ಚುರುಕಾದವರ ಸಂತೆ. ಎರೆಹುಳದಂಥ ದೊಡ್ಡವರು ಚಮಚದಲ್ಲಿ ಬರುವುದೇ ಇಲ್ಲ.

ಹಾಗಿದ್ದರೂ ಇದೇ ಸರಿ ಅನ್ನಿಸಿದೆ. ಈ ಐಬು ಎಲ್ಲ ಗುಂಪಿಗೂ ಒಂದೇ ಥರ ಬೀಳುತ್ತದೆ. ಆಟೋಕ್ಲೇವಿನದು ಒಂದೇ ಕಡೆ ಬಿದ್ದಿತ್ತು.

ಏಳುವಾಗ ಬಾಗಿಲ ಹತ್ತಿರ ಇನ್ನೊಂದು ಏಟು. "ಹೋದ ಸಲ ಮಣ್ಣು ಎಷ್ಟು ಹೊಲದಿಂದ ತಂದಿದ್ದೆ?" ಎಂಟು ಅಂದೆ. "ಬೆರೆಸಿದ್ದೆಯಾ?" ಹೂಂ ಅಂದೆ, ಟಾರ್ಪಾಲಿನ ಮೇಲೆ ಸುರಿದು ಚೆನ್ನಾಗಿ ಬೆರೆಸಿದ್ದೆ ಅಂತ ಸ್ವಲ್ಪ ಹೆಮ್ಮೆಯಿಂದಲೇ. "ಎಂಟು ಮನೆ ಮೊಸರು ಒಂದೇ ಪಾತ್ರೆಗೆ ಸುರಿದು, ಅದರಿಂದ ಎಂಟು ಬಟ್ಟಲು ಹೆಪ್ಪು ಹಾಕಿ, ಎಂಟು ಮನೆ ಲೆಕ್ಕ ಕೊಡ್ತೀಯಾ?"

ಮಾರ್ಚ್ 17, ಶುಕ್ರವಾರ

ಬೆರೆಸುವ ಜಗಳ ದೊಡ್ಡದೇ ಇದೆ. 2016ರಲ್ಲಿ ರೈನ್‌ಹಾರ್ಟ್ ಮತ್ತು ರಿನೆಲ್ಲಾ ನ್ಯೂ ಫೈಟಾಲಜಿಸ್ಟ್ ಪತ್ರಿಕೆಯಲ್ಲಿ ಬರೆದರು: ಬೇರೆ ಬೇರೆ ಜಾಗದ ಮಣ್ಣು ಬೆರೆಸಿದರೆ ಜಾಗದಿಂದ ಜಾಗಕ್ಕೆ ಇರುವ ಏರಿಳಿತ ಅಳಿಸಿಹೋಗುತ್ತದೆ, ಲೆಕ್ಕ ಸುಳ್ಳು ನಿಖರತೆ ತೋರಿಸುತ್ತದೆ. ಬೆರೆಸುವುದರಲ್ಲೂ ನ್ಯಾಯವಿದೆ, ಪ್ರಶ್ನೆ ಯಾವುದು ಎಂಬುದರ ಮೇಲೆ ನಿಂತಿದೆ ಅಂತ ಮರುವರ್ಷವೇ ಬೇರೆಯವರು ಉತ್ತರಿಸಿದರು. ಕುಂಡಗಳ ಸಂಖ್ಯೆಯನ್ನೇ ಪುನರಾವರ್ತನೆ ಅಂತ ಎಣಿಸುವ ತಪ್ಪಿಗಂತೂ ಹರ್ಲ್‌ಬರ್ಟ್ 1984ರಲ್ಲೇ ಹೆಸರಿಟ್ಟು ಬೈದಿದ್ದ.

ನನ್ನ ತೀರ್ಮಾನ: ನನ್ನ ಪ್ರಶ್ನೆ "ರೈತರ ಹೊಲಗಳಲ್ಲಿ ಹೀಗಾಗುತ್ತದೆಯೇ" ಅನ್ನುವುದು. ಹಾಗಾದರೆ ಹೊಲವೇ ನನ್ನ ಎಣಿಕೆ. ಒಂದೇ ಹೊಲದೊಳಗಿನ ನಾಲ್ಕು ಗುಂಡಿಯ ಮಣ್ಣು ಬೆರೆಸಲಿ, ಹೊಲಕ್ಕೂ ಹೊಲಕ್ಕೂ ಬೇಡ. ಎಂಟು ಹೊಲ, ಎಂಟು ಚೀಲ, ಚೀಲದಿಂದ ಚೀಲಕ್ಕೆ ಹೋಗುವಾಗ ಸನಿಕೆಗೆ ಸ್ಪಿರಿಟ್. ಕೆಲಸ ನಾಲ್ಕು ಪಟ್ಟು.

ಮಾರ್ಚ್ 22, ಬುಧವಾರ, ಯುಗಾದಿ

ಮಾಗಡಿ ಕಡೆಯ ನಮ್ಮೂರು. ಎಣ್ಣೆನೀರು, ಬೇವುಬೆಲ್ಲ, ಒಬ್ಬಟ್ಟು ಎಲ್ಲ ಇತ್ತು. ನನ್ನ ಜೀವವೆಲ್ಲ ಹೊಲದಲ್ಲಿ. ಹಬ್ಬ ಕಳೆದ ಮೇಲೆ ಹೊನ್ನಾರು ಹೂಡುತ್ತಾರೆ. ಅದರ ಹಿಂದೆಯೇ ಒಂದು ಮಳೆ ಬಿದ್ದರೆ ಟ್ರ್ಯಾಕ್ಟರು ಇಳಿಯುತ್ತದೆ. ಉಳುಮೆ ಬಿದ್ದರೆ ತೊಗರಿ ಸಾಲು ಯಾವುದು, ರಾಗಿ ಸಾಲು ಯಾವುದು ಅಂತ ದೇವರಿಗೂ ತಿಳಿಯದು. ಈಗ ತೊಗರಿ ಕೂಳೆ ನಿಂತಿವೆ, ಅವೇ ಗುರುತು.

ದೊಡ್ಡಪ್ಪನ ಹೊಲದಿಂದ ಶುರು ಮಾಡಿದೆ. ಹೊಸ ಪಂಚೆ ಎತ್ತಿ ಕಟ್ಟಿಕೊಂಡು ಬದುವಿನ ಮೇಲೆ ಕೂತರು.

"ಅಕ್ಕಡಿ ಹಾಕೋದ್ರಿಂದ ರಾಗಿ ಚೆನ್ನಾಗ್ ಬರ್ತದಾ ದೊಡ್ಡಪ್ಪ?"

"ತೊಗರಿ ಹಾಕೋದು ರಾಗಿಗಲ್ಲ ಕಣವ್ವ, ಸಾರಿಗೆ."

ನಾನು ಬರೆದುಕೊಳ್ಳಲು ತೆಗೆದ ಪುಸ್ತಕ ಮತ್ತೆ ಚೀಲಕ್ಕೆ ಹೋಯಿತು. ಹಿರಿಯರು ಎಲ್ಲ ತಿಳಿದೇ ಅಕ್ಕಡಿ ಮಾಡಿದರು ಅಂತ ಪೀಠಿಕೆಯಲ್ಲಿ ಬರೆದಿದ್ದೇನೆ; ಆ ಸಾಲು ತೆಗೆಯಬೇಕು. ರಾಗಿ ಕೆಟ್ಟರೂ ಕಾಳಾದರೂ ಸಿಕ್ಕೀತು, ಅವರೆ ತೊಗರಿ ಹುಚ್ಚೆಳ್ಳು ಮನೆಗಾಯಿತು, ಸಾಸಿವೆಯೂ ನಾಲ್ಕು ಹಿಡಿ ಆಯಿತು ಅನ್ನುವುದು ದೊಡ್ಡಪ್ಪನ ಲೆಕ್ಕ. ನಿಜ ಹೇಳಬೇಕೆಂದರೆ ಅವರು ಅಕ್ಕಡಿ ಬಿಟ್ಟೇಬಿಡುತ್ತಿದ್ದರು, ಯಂತ್ರದ ಕೊಯ್ಲಿಗೆ ಅಡ್ಡ ಅಂತ. ಬಿಡಲು ದೊಡ್ಡಮ್ಮ ಒಪ್ಪಿಲ್ಲ.

ಆದರೆ ಎರಡನೆಯ ಗುಂಡಿ ತೋಡುವಾಗ ಕೇಳದೆಯೇ ಒಂದು ಮಾತು ಹೇಳಿದರು: ಮಳೆ ಕೈಕೊಟ್ಟ ವರ್ಷ ತೊಗರಿ ಪಕ್ಕದ ಸಾಲು ಬೆಳಿಗ್ಗೆ ಹೊತ್ತು ಅಷ್ಟು ಬಾಡಿರೋದಿಲ್ಲ. ಇದು ಜೀವಿಗಳ ಕೆಲಸವೋ ನೀರಿನದೋ ನೆರಳಿನದೋ, ನನ್ನ ಕುಂಡಗಳಿಗೆ ಹೇಳಲು ಬರುವುದಿಲ್ಲ.

ಎಂಟು ಹೊಲ ಮುಗಿದಾಗ ಕತ್ತಲೆ. ಐಸ್‌ಬಾಕ್ಸು ಸಾಲದೆ ಎರಡು ಚೀಲ ಒದ್ದೆ ಗೋಣಿಯಲ್ಲಿ ಸುತ್ತಿಟ್ಟೆ.

ಏಪ್ರಿಲ್ 4, ಮಂಗಳವಾರ

ಹಳೆಯ ಪ್ರಯೋಗದ ಬೇರುಗಳಿಗೆ ಇವತ್ತು ಬಣ್ಣ. ಹೇಗೂ ವ್ಯರ್ಥವಾದ ಪ್ರಯೋಗ, ಕೈ ಪಳಗಲಿ ಅಂತ ಕೂತೆ. ಬೇರನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಬೇಯಿಸಿ ತಿಳಿ ಮಾಡಿ, ಆಮ್ಲದಲ್ಲಿ ಅದ್ದಿ, ಟ್ರೈಪಾನ್ ಬ್ಲೂ. ಫಿಲಿಪ್ಸ್ ಮತ್ತು ಹೇಮನ್ 1970ರಲ್ಲಿ ಹೇಳಿಕೊಟ್ಟ ವಿಧಾನ, ಇವತ್ತಿಗೂ ಲ್ಯಾಬಿನಿಂದ ಲ್ಯಾಬಿಗೆ ಉಪ್ಪಿನಕಾಯಿ ಹಾಕುವ ವಿಧಾನದ ಹಾಗೆ ಬಾಯಿಮಾತಿನಲ್ಲಿ ನಡೆದಿದೆ.

ಬೇರಿನ ಕೋಶದೊಳಗೆ ನೀಲಿ ಮರಗಳು. ಅರ್ಬಸ್ಕ್ಯೂಲ್ ಅನ್ನುವ ಹೆಸರೇ ಪುಟ್ಟ ಮರ ಅಂತ. ಎಷ್ಟು ಸಲ ನೋಡಿದರೂ ನನಗೆ ಬೇಸರವಾಗಿಲ್ಲ. ಶಿಲೀಂಧ್ರ ಗಿಡದಿಂದ ಸಕ್ಕರೆ ತೆಗೆದುಕೊಂಡು ರಂಜಕ ಕೊಡುವ ಕಟ್ಟೆ ಅದು. ನಮ್ಮ ಕೆಂಪು ಮಣ್ಣಿನಲ್ಲಿ ರಂಜಕ ಇದ್ದರೂ ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಂಡಿರುತ್ತವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರೊ. ಬಾಗ್ಯರಾಜ್ ಅವರು ದಶಕಗಳ ಕಾಲ ಈ ಶಿಲೀಂಧ್ರದ ಬೆನ್ನು ಹತ್ತಿದ್ದು ಸುಮ್ಮನೆ ಅಲ್ಲ.

ಆಮೇಲೆ ಬೇಯಿಸಿದ ಕುಂಡದ ಬೇರು ಇಟ್ಟೆ. ಅಲ್ಲೂ ನೀಲಿ ಮರ.

ಸ್ಲೈಡು ಬದಲಾಗಿರಬೇಕು ಅಂತ ಮತ್ತೊಮ್ಮೆ ನೋಡಿದೆ. ಎಂಟು ಕುಂಡದಲ್ಲಿ ಮೂರಕ್ಕೆ ಸೋಂಕು. ಎಲ್ಲಿಂದ ಬಂತು? ಎಲ್ಲ ಕುಂಡಕ್ಕೂ ಒಂದೇ ಮಗ್ಗು, ಮೇಲಿಂದ ಜೋರಾಗಿ ನೀರು, ಪಕ್ಕದ ಕುಂಡಕ್ಕೆ ಸಿಡಿಯುವ ಮಣ್ಣು, ಬುಡದ ತಟ್ಟೆಯಲ್ಲಿ ನಿಂತ ನೀರು ಹಂಚಿಕೆ. ಭಾನುವಾರಗಳಲ್ಲಿ ನೀರು ಹಾಕಿದವರು ಯಾರು ಅಂತ ಕೇಳುವ ಮನಸ್ಸಾಯಿತು. ಕೇಳಲಿಲ್ಲ. ವಾರದ ಉಳಿದ ಆರು ದಿನ ಹಾಕಿದವಳು ನಾನೇ.

ಏಪ್ರಿಲ್ 12, ಬುಧವಾರ

ಎರಡನೆಯ ಪ್ರಯೋಗ ಕೂತಿದೆ. ಈ ಸಲ ಕುಂಡ ದೊಡ್ಡದು. ಹೋದ ಸಲ ಎರಡು ಕಿಲೋ ಕುಂಡದಲ್ಲಿ ಬೇರು ಗೋಡೆಗುಂಟ ಹಗ್ಗದ ಸುರುಳಿಯಂತೆ ಸುತ್ತಿಕೊಂಡಿತ್ತು. ಮಣ್ಣಿನಲ್ಲಿ ಯಾರಿದ್ದರೂ ಇಲ್ಲದಿದ್ದರೂ ಅದಕ್ಕೆ ಜಾಗವೇ ಇರಲಿಲ್ಲ. ಪೂರ್ಟರ್ ಮತ್ತು ಸಂಗಡಿಗರು 2012ರಲ್ಲಿ ಹತ್ತಾರು ಪ್ರಯೋಗಗಳನ್ನು ಒಟ್ಟು ಹಾಕಿ ಲೆಕ್ಕ ತೆಗೆದಿದ್ದಾರೆ: ಕುಂಡದ ಗಾತ್ರ ಇಮ್ಮಡಿಸಿದರೆ ಗಿಡದ ತೂಕ ಸರಾಸರಿ ನೂರಕ್ಕೆ 43ರಷ್ಟು ಏರುತ್ತದೆ. ಗಿಡದ ಒಣತೂಕ ಲೀಟರಿಗೆ ಒಂದು ಗ್ರಾಮಿನ ಒಳಗಿರಲಿ ಅನ್ನುತ್ತಾರೆ. ಅಷ್ಟು ದೊಡ್ಡ ಕುಂಡ ಇಡಲು ನಮ್ಮ ಪಾಲಿಹೌಸಿನಲ್ಲಿ ಜಾಗವಿಲ್ಲ. ಹನ್ನೆರಡು ಲೀಟರಿಗೆ ಇಳಿದೆ, ಕೊಯ್ಲನ್ನು ನಲವತ್ತೈದು ದಿನಕ್ಕೆ ಎಳೆದುಕೊಂಡೆ. ರಾಜಿ.

ಪಾಲಿಹೌಸಿನ ಒಂದು ತುದಿಯಲ್ಲಿ ಒದ್ದೆ ಪ್ಯಾಡು, ಇನ್ನೊಂದು ತುದಿಯಲ್ಲಿ ಫ್ಯಾನು. ಪ್ಯಾಡಿನ ಕಡೆ ತಂಪು, ಫ್ಯಾನಿನ ಕಡೆ ಕುಲುಮೆ. ಹೋದ ಸಲ ಸೀನಿಯರ್ ಅಕ್ಕ "ನೀರು ಹಾಕಲು ಸುಲಭ" ಅಂತ ಒಂದೊಂದು ಗುಂಪನ್ನು ಒಂದೊಂದು ಕಡೆ ಇಡಿಸಿದ್ದಳು, ನಾನೂ ತಲೆಯಾಡಿಸಿದ್ದೆ. ಈ ಸಲ ಎಂಟು ಅಡ್ಡಪಟ್ಟಿ, ಒಂದೊಂದು ಪಟ್ಟಿ ಒಂದೊಂದು ಹೊಲಕ್ಕೆ, ಪಟ್ಟಿಯೊಳಗೆ ಯಾವ ಕುಂಡ ಎಲ್ಲಿ ಅನ್ನುವುದು ಚೀಟಿ ಎತ್ತಿ. ವಾರಕ್ಕೊಮ್ಮೆ ಪಟ್ಟಿಗಳ ಜಾಗವನ್ನೂ ಬದಲಿಸಬೇಕು. ಚೀಟಿ ಎತ್ತುವುದನ್ನು ಕೃಷಿ ಪ್ರಯೋಗಕ್ಕೆ ನಿಯಮವಾಗಿ ಕೊಟ್ಟದ್ದು ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿದ್ದ ಫಿಷರ್. ನನ್ನ ಚೀಟಿ ಹಾಕಿದ್ದು ಹಾಸ್ಟೆಲಿನ ಹಪ್ಪಳದ ಡಬ್ಬಿಯಲ್ಲಿ.

ಕುಂಡಕ್ಕೊಂದು ಮಗ್ಗು. ಮಣ್ಣಿನ ಮೇಲೆ ಒಂದು ಪದರ ಬೇಯಿಸಿದ ಜಲ್ಲಿ, ನೀರು ಸಿಡಿಯದಂತೆ.

ಮೇ 10, ಬುಧವಾರ

ಓಟು ಹಾಕಲು ಊರು. ಬೆರಳಿಗೆ ಶಾಯಿ, ಟ್ರೈಪಾನ್ ಬ್ಲೂ ಕಲೆಯ ಪಕ್ಕದಲ್ಲೇ.

ಬಸ್ಸಿನಲ್ಲಿ ಡಾರ್ವಿನ್ ಬಗ್ಗೆ ಓದುತ್ತಿದ್ದೆ. ಎರೆಹುಳದ ಕೆಲಸ ಅಳೆಯಲು ಆತ 1842ರಲ್ಲಿ ತನ್ನ ಮನೆಯ ಹತ್ತಿರದ ಬಯಲಿಗೆ ಸೀಮೆಸುಣ್ಣದ ಚೂರು ಹರಡಿಸಿದ. 1871ರಲ್ಲಿ ಕಾಲುವೆ ತೋಡಿ ನೋಡಿದಾಗ ಅದು ಏಳಿಂಚು ಕೆಳಗಿತ್ತು. ಇಪ್ಪತ್ತೊಂಬತ್ತು ವರ್ಷ. ಏನನ್ನೂ ಬೇಯಿಸಲಿಲ್ಲ, ಸೋಸಲಿಲ್ಲ, ಕೊಲ್ಲಲಿಲ್ಲ. ನನ್ನ ಫೆಲೋಶಿಪ್ಪಿನಲ್ಲಿ ಉಳಿದಿರುವುದು ಹದಿನಾಲ್ಕು ತಿಂಗಳು.

ಮೇ 27, ಶನಿವಾರ

ಎರಡನೆಯ ಪ್ರಯೋಗದ ಲಕೋಟೆಗಳು ಓವನ್ನಿನಲ್ಲಿವೆ. ಈ ಸಲ ಕಣ್ಣಿಗೆ ಕಂಡದ್ದನ್ನು ಇಲ್ಲಿ ಬರೆಯುವುದಿಲ್ಲ.

ಜೂನ್ 19, ಸೋಮವಾರ

ಮುಂಗಾರು ಕೈಕೊಟ್ಟ ಹಾಗಿದೆ. ಊರಿನಲ್ಲಿ ತೊಗರಿಯೂ ಬಿದ್ದಿಲ್ಲ. ದೊಡ್ಡಪ್ಪ ಹೇಳಿದ ಬಾಡದ ಸಾಲು ತಲೆಯಿಂದ ಹೋಗುತ್ತಿಲ್ಲ. ಅದನ್ನು ಹೊಲದಲ್ಲೇ ಕೇಳಬೇಕು. ಮೇಡಂ ಒಪ್ಪಿದರು, ಅಗ್ಗದಲ್ಲಿ ಮುಗಿಸುವ ಷರತ್ತಿನ ಮೇಲೆ.

ತೊಗರಿಯ ತಾಯಿಬೇರು ಆಳದ ತೇವ ಎಳೆದು ರಾತ್ರಿ ಹೊತ್ತು ಮೇಲ್ಮಣ್ಣಿಗೆ ಸ್ವಲ್ಪ ಬಿಟ್ಟುಕೊಡುತ್ತದೆ. ಅದನ್ನು ಪಕ್ಕದ ರಾಗಿಗೆ ತಲುಪಿಸುವುದರಲ್ಲಿ ಶಿಲೀಂಧ್ರದ ಎಳೆಗಳ ಕೈಯೆಷ್ಟು ಅಂತ ಸ್ವಿಟ್ಜರ್ಲೆಂಡಿನ ಬಾಸೆಲ್‌ನವರು ನಮ್ಮವರ ಜೊತೆ ಸೇರಿ ಇದೇ ರಾಗಿ-ತೊಗರಿ ಜೋಡಿಯ ಮೇಲೆ ಕೆಲಸ ಮಾಡಿದ್ದಾರೆ. ರೈತರ ಹೊಲದಲ್ಲಿ ಅದನ್ನು ನೋಡಲು ನಾನು ಆರಿಸಿಕೊಂಡದ್ದು ಶೆಫೀಲ್ಡಿನವರು 2001ರಲ್ಲಿ ಹುಲ್ಲುಗಾವಲಿಗೆ ಮಾಡಿದ ಉಪಾಯ. ಪಿವಿಸಿ ಕೊಳವೆಗೆ ಕಿಟಕಿ ಕೊರೆದು, ಸುಮಾರು 30 ಮೈಕ್ರಾನಿನ ನೈಲಾನ್ ಜಾಲರಿ ಅಂಟಿಸಿ, ಮಣ್ಣು ತುಂಬಿ, ತೊಗರಿಗೆ ಹತ್ತಿರ ಹೂಳುವುದು. ಒಳಗೊಂದು ರಾಗಿ ಗಿಡ. ಜಾಲರಿಯಲ್ಲಿ ಬೇರು ತೂರಲಾರದು, ಶಿಲೀಂಧ್ರದ ಎಳೆ ತೂರಬಲ್ಲದು. ಅರ್ಧ ಕೊಳವೆಗಳನ್ನು ವಾರಕ್ಕೊಮ್ಮೆ ಸ್ವಲ್ಪ ತಿರುಗಿಸಿದರೆ ಆ ಎಳೆಗಳು ಹರಿಯುತ್ತವೆ. ಉಳಿದರ್ಧ ಮುಟ್ಟದೆ ಬಿಡಬೇಕು. ಏನನ್ನೂ ಬೇಯಿಸಬೇಕಿಲ್ಲ. ಎರಡೂ ಕಡೆ ಜೀವಂತ ಮಣ್ಣೇ. ಸಂಪರ್ಕ ಮಾತ್ರ ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ.

ನೀರು ಜಾಲರಿಯ ಮೂಲಕ ತಾನೇ ಜಿನುಗಬಹುದು. ಅದಕ್ಕೆ ಕೆಲವು ಕೊಳವೆಗೆ ಎರಡು ಪದರ ಜಾಲರಿ, ನಡುವೆ ಎರಡು ಮಿಲಿಮೀಟರ್ ಗಾಳಿ. ಎಳೆ ದಾಟುತ್ತದೆ, ಮಣ್ಣಿನ ನೀರು ದಾಟದು. ಈ ಗಾಳಿಸಂದು ಕೂರಿಸಲು ಒಂದು ಕೊಳವೆಗೆ ಒಂದೂವರೆ ಗಂಟೆ ಹಿಡಿಯಿತು. ಇಂಥವು ಹದಿನಾರು ಬೇಕು.

ಕುಂಡ ಬಿಟ್ಟಿಲ್ಲ. ಕುಂಡ ಹೇಳುವುದು "ಹೀಗಾಗಬಲ್ಲದು" ಅಂತ. ಹೊಲದಲ್ಲಿ ಹಾಗೆ ಆಗುತ್ತಿದೆಯೋ ಅನ್ನುವುದು ಕೊಳವೆಯ ಪಾಲು. ಪ್ರಬಂಧದಲ್ಲಿ ಇವೆರಡನ್ನೂ ಒಂದೇ ಅಧ್ಯಾಯಕ್ಕೆ ಹಾಕಿ ಎಂದು ಸಮಿತಿಯವರೊಬ್ಬರು ಅಂದರು. ಹಾಕುವುದಿಲ್ಲ.

ಜುಲೈ 8, ಶನಿವಾರ

ಗುರುವಾರ ರಾತ್ರಿ ಹದ ಮಳೆ. ನಿನ್ನೆ ದೊಡ್ಡಮ್ಮ ಕೂರಿಗೆಯ ಹಿಂದೆ ತೊಗರಿ ಬಿಟ್ಟಳು, ಇವತ್ತು ನಾನು ಕೊಳವೆ ಹೂತೆ. ನಾಲ್ಕು ಹೊಲ, ಹೊಲಕ್ಕೆ ಎಂಟು, ಒಟ್ಟು ಮೂವತ್ತೆರಡು. ಪೈರು ಎದ್ದ ಮೇಲೆ ಕೊಳವೆಗೆ ಒಂದೇ ರಾಗಿ ಉಳಿಸಿ ಮಿಕ್ಕದ್ದು ಕಿತ್ತುಹಾಕಬೇಕು. ಯಾವುದನ್ನು ತಿರುಗಿಸಬೇಕು ಅನ್ನುವುದನ್ನು ಹಪ್ಪಳದ ಡಬ್ಬಿ ತೀರ್ಮಾನಿಸಿತು; ಅವಕ್ಕೆ ಕೆಂಪು ಬಣ್ಣ ಬಳಿದಿದ್ದೇನೆ.

ಹೆಗ್ಗಣ ಆಗಲೇ ಎರಡು ಜಾಲರಿ ಕಡಿದಿದೆ. ಹೊಲಕ್ಕೆ ಬಂದರೆ ಇದು ಇದ್ದದ್ದೇ.

ವಾರವಾರ ನಾನು ಬರಲಾಗದಿದ್ದರೆ ತಿರುಗಿಸುವವರು ದೊಡ್ಡಪ್ಪ. ಎರಡು ಸಲ ತೋರಿಸಿದೆ. "ಕೆಂಪು ತಿರುಗ್ಸೋದು, ಬಿಳೀದು ಮುಟ್ಟಂಗಿಲ್ಲ, ಅಷ್ಟೇ ತಾನೆ? ಎತ್ತ ಕಡೀಕೆ ತಿರುಗಿಸ್ಲಿ?"

ಎಡಕ್ಕೋ ಬಲಕ್ಕೋ ನಾನು ಯೋಚಿಸಿರಲಿಲ್ಲ. ಬಲಕ್ಕೆ ಅಂದೆ. ವಿಧಾನದ ಪುಟದಲ್ಲಿ ಅದನ್ನೂ ಬರೆದಿದ್ದೇನೆ.